ಭ್ರಮ, ತಲೆಸುತ್ತು, ಅಭಾವ: ಒಂದು ಶಬ್ದವಿಮರ್ಶೆ

ತಲೆಸುತ್ತಿಗೆ ‘ಭ್ರಮೆ’ ಎಂಬ ಪದವನ್ನು ಪ್ರಯೋಗಿಸುವ ಪದ್ಧತಿಯು ನಮ್ಮ ವೈದ್ಯಲೇಖನಗಳಲ್ಲಿ ಉಂಟು. ಮೂಲವನ್ನು ನೋಡಿದರೆ ಇದು ಸಾಧುವೇ ಸರಿ. ಭ್ರಮುಧಾತುವಿಗೆ ಚಲನ, ಅನವಸ್ಥಾನ ಎಂಬ ಅರ್ಥಗಳಿವೆ. ಚರಕಸಂಹಿತೆಯು ಭ್ರಮವನ್ನು 80 ವಾತವಿಕಾರಗಳಲ್ಲಿ ಎಣಿಸಿದೆ. ಆದರೆ ಕನ್ನಡದಲ್ಲಿ ರೂಢಿಯು ಯೋಗಾರ್ಥವನ್ನು ಮೀರಿದೆ. ‘ಭ್ರಮೆ’ಯೆಂದರೆ ಮಿಥ್ಯಾಜ್ಞಾನವೆಂಬ ಅರ್ಥವೇ ನೆಲೆನಿಂತಿದೆ. ನಿಜವಾಗಿ ಸುತ್ತು ಬಂದು ಬೀಳುವವನನ್ನು ‘ಭ್ರಮೆಯುಳ್ಳವನು’ ಎಂದರೆ ಅವನ ಮಾತನ್ನೇ ಅವಿಶ್ವಾಸಕ್ಕೆ ಗುರಿಮಾಡಿದಂತಾಗುವುದು.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಜನರಾದರೋ ‘ತಲೆ ಸುತ್ತುತ್ತದೆ’, ‘ಕಣ್ಣು ಕತ್ತಲೆ ಕಟ್ಟುತ್ತದೆ’, ‘ಜೋಲಿ ಹೊಡೆಯುವಂತಾಗುತ್ತದೆ’ ಎಂದು ಮೂರು ಅನುಭವಗಳನ್ನು ಬೇರೆಬೇರೆಯಾಗಿ ಹೇಳಬಲ್ಲರು. ಈ ಸಂಪತ್ತನ್ನು ಕೈಬಿಡಲಾಗದು. ಆದರೂ ಮಾತೊಂದೇ ನಿರ್ಣಾಯಕವಲ್ಲ. ಒಬ್ಬನೇ ರೋಗಿಯು ಅಲ್ಪಕಾಲದಲ್ಲಿಯೇ ತನ್ನ ವರ್ಣನೆಯನ್ನು ಬದಲಿಸುವುದುಂಟು. ಯಾವಾಗ ತೊಡಗಿತು, ಎಷ್ಟು ಹೊತ್ತು ಇತ್ತು, ಮಗ್ಗುಲು ಹೊರಳಿದಾಗ ಮಾತ್ರ ಬರುವುದೋ ಎಂಬುದನ್ನೂ ವಿಚಾರಿಸಬೇಕು.

ಇದಕ್ಕಿಂತ ಗುರುತರವಾದ ದೋಷವು ‘ಚಿತ್ರ ತೆಗೆದಾಯಿತು, ಮೆದುಳಿನಲ್ಲಿ ಏನೂ ಇಲ್ಲ’ ಎಂಬ ವಾಕ್ಯದಲ್ಲಿದೆ. ಅನುಪಲಬ್ಧಿಯಿಂದ ಅಭಾವವು ಸಿದ್ಧಿಸಬೇಕಾದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕೆಂಬುದು ಶಾಸ್ತ್ರಮರ್ಯಾದೆ. ಇದ್ದಿದ್ದರೆ ಕಾಣಲೇಬೇಕಾಗಿದ್ದುದು ಕಾಣದಿದ್ದಾಗ ಮಾತ್ರ ‘ಇಲ್ಲ’ವೆನ್ನಬಹುದು, ಕತ್ತಲೆಯಲ್ಲಿ ಕಾಣದ ಘಟವನ್ನು ಇಲ್ಲವೆನ್ನಲಾಗದು. ಕಿರುಮೆದುಳಿನಲ್ಲಾಗಲಿ ಮೆದುಳಿನ ಕಾಂಡದಲ್ಲಾಗಲಿ ರಕ್ತಸಂಚಾರವು ತಡೆದು ತಲೆಸುತ್ತು ಹುಟ್ಟಿದಾಗ, ರಕ್ತಸ್ರಾವವನ್ನು ಚೆನ್ನಾಗಿ ತೋರಿಸುವ ಸಿ.ಟಿ. ಚಿತ್ರವೂ ಆರಂಭದಲ್ಲಿ ಬಹುಮಟ್ಟಿಗೆ ಕುರುಡು. ಎಂ.ಆರ್.ಐ. ಕೂಡ ಮೊದಲ 48 ಗಂಟೆಗಳಲ್ಲಿ ಕೆಲವೊಮ್ಮೆ ತಪ್ಪುವುದು.

ಅಲ್ಲಿ ಪರೀಕ್ಷಕನ ಕಣ್ಣೇ ಪ್ರಮಾಣವಾಗುವುದು. ಸುತ್ತು ಬಿಡದೆ ಇರುವಾಗ, ತಲೆಯನ್ನು ಥಟ್ಟನೆ ತಿರುಗಿಸಿದರೂ ರೋಗಿಯ ದೃಷ್ಟಿಯು ಗುರಿಯಲ್ಲಿಯೇ ನಿಂತರೆ, ಕಣ್ಣುಗಳ ಓಲಾಟವು ನೋಟದೊಡನೆ ದಿಕ್ಕು ಬದಲಿಸಿದರೆ, ಎರಡು ಕಣ್ಣುಗಳು ಮೇಲುಕೆಳಗಾದರೆ, ದೋಷವು ಕಿವಿಯದಲ್ಲ, ಮೆದುಳಿನದೆಂದು ಶಂಕಿಸಬೇಕು. ಆಸರೆಯಿಲ್ಲದೆ ನಿಲ್ಲಲಾಗದಿರುವುದೂ ಅಂತಹುದೇ ಲಿಂಗ. ಅಮೆರಿಕದಲ್ಲಿ 101 ರೋಗಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವು, ನುರಿತವರು ಮಾಡಿದ ಈ ನೇತ್ರಪರೀಕ್ಷೆಯು ಆರಂಭದ ಎಂ.ಆರ್.ಐ.ಗಿಂತ ಸೂಕ್ಷ್ಮತರವೆಂದು ತೋರಿಸಿತು.

ಆದುದರಿಂದ ರೋಗಕ್ಕೆ ‘ತಲೆಸುತ್ತು’ ಎಂಬ ದೇಶ್ಯಪದವನ್ನೂ, ಚಿತ್ರದ ವಿಷಯದಲ್ಲಿ ‘ಇಲ್ಲ’ ಎಂಬೆಡೆ ‘ಕಾಣಲಿಲ್ಲ’ ಎಂಬುದನ್ನೂ ಬರೆಯುವುದು ಯುಕ್ತ. ಹೆಗ್ಗಡದೇವನಕೋಟೆಯಿಂದ ಮೈಸೂರಿಗೆ ಬಂದು, ‘ಏನೂ ಇಲ್ಲ’ವೆಂಬುದನ್ನು ನಂಬಿ ಊರಿಗೆ ಮರಳುವವನ ಪ್ರಾಣವು ಈ ಎರಡು ಪದಗಳ ಅಂತರದಲ್ಲಿ ಇರಬಹುದು.