ಮ್ಯೂಟ್ ಆದ ಷಟ್ಪದಿ

ಆನ್‌ಲೈನ್ ತರಗತಿಯ ಮಾತು ಬಂದಾಗಲೆಲ್ಲ ನಾವು ನೆಟ್‌ವರ್ಕನ್ನು ದೂರಿ ಸುಮ್ಮನಾಗುತ್ತೇವೆ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದ ಮೇಲೆ ಮಲೆನಾಡು, ಕರಾವಳಿಯ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು ನಿಜ. ಆದರೆ ಸಿಗ್ನಲ್ ಚೆನ್ನಾಗಿದ್ದವರಿಗೂ ಒಂದು ದಕ್ಕಲಿಲ್ಲ. ಆ ಕಾಲದಲ್ಲಿ ಕನ್ನಡ ಎಂ.ಎ. ಓದಿದ ನನಗೆ ಅದು ಅರ್ಥವಾದದ್ದು ಕುಮಾರವ್ಯಾಸನಿಂದ.

ಭಾಮಿನಿ ಷಟ್ಪದಿಯಲ್ಲಿ 3 ಮತ್ತು 4 ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ಆ ನಡೆ ಕಿವಿಗೆ ಸಿಕ್ಕಿದರೆ ಪದ ಎಲ್ಲಿ ಒಡೆಯಬೇಕೆಂಬುದು ಅರ್ಧ ತಿಳಿದಂತೆ. ತರಗತಿಯಲ್ಲಿ ಮೇಷ್ಟ್ರು ಒಂದು ಸಾಲು ಓದುತ್ತಾರೆ, ಎಲ್ಲರೂ ಒಟ್ಟಿಗೆ ಹೇಳುತ್ತೇವೆ; ಒಬ್ಬರು ತಪ್ಪಾಗಿ ಬಿಡಿಸಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ವೀಡಿಯೊ ಕರೆಯಲ್ಲಿ ಇದು ಆಗದು. ಧ್ವನಿ ಒಬ್ಬೊಬ್ಬರಿಗೆ ಒಂದೊಂದು ಗಳಿಗೆ ತಡವಾಗಿ ತಲುಪುವುದರಿಂದ ಒಕ್ಕೊರಲು ಗದ್ದಲವಾಗುತ್ತದೆ. ಗಮಕಿ ರಾಗವಾಗಿ ಎಳೆದ ಸ್ವರವನ್ನು, ಗದ್ದಲ ತಗ್ಗಿಸುವ ತಂತ್ರಾಂಶ ಫ್ಯಾನಿನ ಸದ್ದೆಂದು ತಿಳಿದು ಕತ್ತರಿಸುವುದೂ ಉಂಟು. ಹಾಗಾಗಿ ಎಲ್ಲರೂ ಮ್ಯೂಟ್. ಪರದೆಯ ಮೇಲೆ ಪದ್ಯ, ಅದರ ಕೆಳಗೆ ಸಾರಾಂಶ.

ಲಾಭವೇ ಇರಲಿಲ್ಲವೆಂದಲ್ಲ. ನಾಗವರ್ಮನ ‘ಛಂದೋಂಬುಧಿ’ಯ ಪಾಠವನ್ನು ರೆಕಾರ್ಡಿಂಗ್‌ನಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಕೇಳಿದ್ದರಿಂದಲೇ ನನಗೆ ಪ್ರಸ್ತಾರ ಹಾಕುವುದು ಕೈಹಿಡಿಯಿತು. ಹಗಲು ಅಂಗಡಿಯಲ್ಲಿ ದುಡಿಯುತ್ತಿದ್ದ ಸಹಪಾಠಿಯೊಬ್ಬಳು ಪದವಿ ಮುಗಿಸಿದ್ದು ರಾತ್ರಿ ಕೇಳಿದ ಪಾಠಗಳಿಂದ. ಅವಳೆದುರು ನಿಂತು ‘ಆನ್‌ಲೈನ್ ಶಿಕ್ಷಣವೇ ಬೇಡ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

2021ರ ಮೇ ತಿಂಗಳಲ್ಲಿ ಯುಜಿಸಿ ಹೊರಡಿಸಿದ ಪರಿಕಲ್ಪನಾ ಟಿಪ್ಪಣಿ, ಕೋರ್ಸಿನ ಶೇ. 40ರಷ್ಟನ್ನು ಆನ್‌ಲೈನ್‌ನಲ್ಲಿ ಕಲಿಸಬಹುದೆಂದು ಸೂಚಿಸಿತು. ನನ್ನ ತಕರಾರು ಆ ಸಂಖ್ಯೆಯ ಮೇಲಲ್ಲ. ಯಾವ ನಲವತ್ತು ಎಂಬುದನ್ನು ಶೇಕಡಾವಾರು ಹೇಳಲಾರದು. ಅದನ್ನು ವೇಳಾಪಟ್ಟಿಗೂ ಕೊಠಡಿಗಳ ಕೊರತೆಗೂ ಬಿಟ್ಟರೆ, ಕವಿಯ ಕಾಲ-ದೇಶದ ವಿವರಣೆ ಕೊಠಡಿಯಲ್ಲಿ ನಡೆದು, ಕಾವ್ಯದ ಓದು ಪರದೆಗೆ ಹೋಗಬಹುದು. ಇರಬೇಕಾದದ್ದು ಇದರ ತಿರುವುಮುರುವು: ಒಬ್ಬರು ಹೇಳಿ ಉಳಿದವರು ಕೇಳುವಂಥದ್ದು ರೆಕಾರ್ಡಿಂಗ್‌ಗೆ, ಕೂಡಿ ಓದುವುದು, ಪದ ಬಿಡಿಸುವುದು, ಜಗಳವಾಡುವುದು ಕೊಠಡಿಗೆ.

ಇದು ಹಳೆಯ ಕಾಲದ ಹಂಬಲವಲ್ಲ. ಆಗ ನನ್ನೊಂದಿಗೆ ಓದಿದ ಕೆಲವರು ಈಗ ಉಪನ್ಯಾಸಕರು. ಷಟ್ಪದಿಯನ್ನು ಅವರು ಕಲಿತದ್ದು ಬಹುಪಾಲು ಕಣ್ಣಿನಿಂದ. ಕಿವಿಗೆ ಬೀಳದ ಲಯವನ್ನು ಮಕ್ಕಳ ಬಾಯಿಗೆ ಬರಿಸುವುದು ಹೇಗೆ?