ಮುಳ್ಳಿನ ಓಲಾಟ

ಹಳೆಯ ಕೆಮಿಕಲ್ ಬ್ಯಾಲೆನ್ಸ್ ಕೆಟ್ಟಿದೆ ಎಂದರೆ ಮೊದಲು ಅದರೆದುರು ಸುಮ್ಮನೆ ಕೂರಬೇಕು. ಸ್ಕ್ರೂಡ್ರೈವರ್ ಆಮೇಲೆ. ಗಾಜಿನ ಪೆಟ್ಟಿಗೆಯೊಳಗೆ ಹಿತ್ತಾಳೆಯ ದಂಡಿಗೆ, ಎರಡು ತಟ್ಟೆ, ನಡುವೆ ಇಳಿಬಿದ್ದ ಉದ್ದನೆಯ ಮುಳ್ಳು. ಮುಚ್ಚಿಟ್ಟದ್ದು ಏನೂ ಇಲ್ಲ. ಕೆಳಗಿನ ಗುಂಡಿಯನ್ನು ಮೆಲ್ಲಗೆ ತಿರುಗಿಸಿದರೆ ದಂಡಿಗೆ ಆಸರೆ ಬಿಟ್ಟು ಅಗೇಟ್ ಕಲ್ಲಿನ ಅಲಗಿನ ಮೇಲೆ ನಿಲ್ಲುತ್ತದೆ, ಮುಳ್ಳು ಓಲಾಡತೊಡಗುತ್ತದೆ. ತಕ್ಕಡಿಯ ನೋವೆಲ್ಲ ಆ ಓಲಾಟದಲ್ಲೇ ಕಾಣುತ್ತದೆ.

ಚೆನ್ನಾಗಿರುವ ತಕ್ಕಡಿಯಲ್ಲೂ ಮುಳ್ಳು ಬಲಕ್ಕೆ ಹೋದಷ್ಟು ಎಡಕ್ಕೆ ಹೋಗುವುದಿಲ್ಲ; ಪ್ರತಿ ಸಲ ಕೊಂಚ ಕಡಿಮೆ. ಅದಕ್ಕೇ ಸೊನ್ನೆ ಹುಡುಕುವಾಗ ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ತಿರುವು ಬರೆದುಕೊಳ್ಳುತ್ತೇವೆ. ಆ ಇಳಿತ ಒಂದೇ ಸಮನಾಗಿದ್ದರೆ ಅಲಗು ಸುಖವಾಗಿದೆ. ನಡುವೆ ಗಕ್ಕನೆ ನಿಂತರೆ ಅಲಗಿನ ಕೆಳಗೆ ಧೂಳಿನ ಕಣ ಸೇರಿದೆ, ಇಲ್ಲವೇ ಅಂಚಿನಿಂದ ಚಕ್ಕೆ ಹಾರಿದೆ. ಗುಂಡಿ ತಿರುಗಿಸಿದಾಗಲೆಲ್ಲ ಸೊನ್ನೆ ಜಾಗ ಬದಲಿಸಿದರೆ ಅಲಗನ್ನು ದೂರಬಾರದು. ದಂಡಿಗೆಯನ್ನು ಎತ್ತಿ ಇಳಿಸುವ ಆಸರೆ ಅದನ್ನು ಒಂದೇ ಜಾಗದಲ್ಲಿ ಕೂರಿಸುತ್ತಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ನಮ್ಮ ಬಾಯಲ್ಲಿ ಇನ್ನೂ ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳೇ. ಇಲ್ಲಿನ ಲ್ಯಾಬುಗಳ ತಕ್ಕಡಿಗೆ ಬರುವ ರೋಗವೂ ಈ ನೆಲದ್ದೇ. ಮಲೆನಾಡಿನಲ್ಲಿ ಮೈಕ್ರೋಸ್ಕೋಪಿನ ಮಸೂರಕ್ಕೆ ಬೂಷ್ಟು ಹಿಡಿದರೆ, ಇಲ್ಲಿ ಆಷಾಢದ ಗಾಳಿ ಮಸಾರಿ ಹೊಲದ ಧೂಳನ್ನು ಕಿಟಕಿಯ ಸಂದಿಯಲ್ಲೇ ನುಗ್ಗಿಸುತ್ತದೆ. ಅಗೇಟ್ ತುಕ್ಕು ಹಿಡಿಯುವುದಿಲ್ಲ, ಉಕ್ಕಿಗಿಂತ ಗಡಸು. ಆದರೆ ಅದೂ ಸಿಲಿಕಾ, ಕೂಡ್ಲಿಗಿಯ ಕಲ್ಲುಬೆಟ್ಟಗಳು ಸವೆದು ಉದುರಿಸುವ ಮರಳೂ ಸಿಲಿಕಾ. ಅಷ್ಟೇ ಗಡಸಿನ ವೈರಿ. ಹೀಗಾಗಿ ಅಲಗಿಗೆ ಎಣ್ಣೆ ಬಿಡುವುದು ದೊಡ್ಡ ಅನಾಹುತ. ಎಣ್ಣೆ ಧೂಳನ್ನು ಅಲ್ಲೇ ಹಿಡಿದಿಡುತ್ತದೆ. ಒಣ ಮೆದು ಕುಂಚವೊಂದೇ ಮದ್ದು. ಆಮೇಲೆ ವಾಚ್ ರಿಪೇರಿಯವರ ಭೂತಗನ್ನಡಿ ಹಿಡಿದು, ದೀಪದ ಬೆಳಕಿನಲ್ಲಿ ಅಲಗನ್ನು ಓರೆಮಾಡಿ ನೋಡಬೇಕು. ಹರಿತವಾದ ಅಂಚು ಮಿನುಗುವುದಿಲ್ಲ. ಚಕ್ಕೆ ಎದ್ದ ಕಡೆ ಮಾತ್ರ ಬೆಳಕಿನ ಚುಕ್ಕೆ ಹೊಳೆಯುತ್ತದೆ.

ಬೇಸಿಗೆಯ ತೊಂದರೆಯೊಂದು ಇನ್ನೂ ಸೊಗಸು. ಪರೀಕ್ಷೆಯ ಹಿಂದಿನ ದಿನ ಅಟೆಂಡರ್ ಶ್ರದ್ಧೆಯಿಂದ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜುತ್ತಾರೆ. ಒಣ ಹವೆಯಲ್ಲಿ ಗಾಜು ವಿದ್ಯುದಾವೇಶ ಪಡೆದು ಪಕ್ಕದ ತಟ್ಟೆಯನ್ನು ತನ್ನತ್ತ ಎಳೆಯುತ್ತದೆ, ಸೊನ್ನೆ ಸರಿಯುತ್ತದೆ. ಯಾವ ಭಾಗವೂ ಕೆಟ್ಟಿಲ್ಲ! ಗಾಜಿನ ಮೇಲೆ ಬಾಯಿಂದ ಬೆಚ್ಚನೆಯ ಉಸಿರು ಊದಿ ಸ್ವಲ್ಪ ಹೊತ್ತು ಕಾದರೆ ಮುಳ್ಳು ತಾನಾಗಿ ಮರಳುತ್ತದೆ.

ನನಗೆ ಎಲ್ಲಕ್ಕಿಂತ ಹಿತವಾದದ್ದು ಮುಳ್ಳಿನ ಮೇಲಿನ ಪುಟ್ಟ ಗುಂಡನ್ನು ಸರಿಪಡಿಸುವ ಕೆಲಸ. ಅದನ್ನು ಮೇಲಕ್ಕೇರಿಸಿದರೆ ದಂಡಿಗೆಯ ಗುರುತ್ವಕೇಂದ್ರ ಅಲಗಿನ ಹತ್ತಿರ ಬಂದು ತಕ್ಕಡಿ ಸೂಕ್ಷ್ಮವಾಗುತ್ತದೆ, ಓಲಾಟ ನಿಧಾನವಾಗುತ್ತದೆ. ಇನ್ನೊಂದು ಸುತ್ತು ತಿರುಗಿಸಿದರೆ ದಂಡಿಗೆ ಒಂದು ಕಡೆ ವಾಲಿ ಮರಳುವುದೇ ಇಲ್ಲ. ಕೆಳಗಿಳಿಸಿದರೆ ಬೇಗ ಬೇಗ ತೂಗಿ ನಿಲ್ಲುವ ಮಂದ ತಕ್ಕಡಿ. ಈ ಎರಡರ ನಡುವಿನ ಕೂದಲೆಳೆಯಷ್ಟು ಜಾಗಕ್ಕೆ ಕೈ ಪಳಗಬೇಕು. ಸರಿಹೋದ ತಕ್ಕಡಿಯಲ್ಲಿ 10 ಮಿಲಿಗ್ರಾಂ ರೈಡರ್ ತಂತಿಯನ್ನು ದಂಡಿಗೆಯ ಗೆರೆಗಳ ಮೇಲೆ ಸರಿಸುತ್ತಾ ಮಿಲಿಗ್ರಾಮಿನ ಹತ್ತನೆಯ ಒಂದು ಭಾಗವನ್ನೂ ಓದಬಹುದು.

2019ರಲ್ಲಿ ಕಿಲೋಗ್ರಾಮಿನ ವ್ಯಾಖ್ಯೆಯೇ ಬದಲಾಗಿ ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿತು. ಆ ಸ್ಥಿರಾಂಕವನ್ನು ಅಳೆದ ಅಮೆರಿಕದ ಕಿಬಲ್ ಬ್ಯಾಲೆನ್ಸಿನಲ್ಲೂ ದೊಡ್ಡ ಚಕ್ರ ನಿಂತಿರುವುದು ಅಲಗಿನ ಮೇಲೆಯೇ. ಹಾಗಿರುವಾಗ ನಮ್ಮ ಲ್ಯಾಬಿನ ತಕ್ಕಡಿಯನ್ನು ಗುಜರಿಗೆ ಹಾಕಲು ಆತುರಪಡಬೇಡಿ. ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟರೆ ಎರರ್ ಎಂದು ತೋರಿಸಿ ಸುಮ್ಮನಾಗುತ್ತದೆ. ಮಕ್ಕಳು ಕಲಿಯುವುದಕ್ಕೆ ಅಲ್ಲಿ ಏನೂ ಇಲ್ಲ.

ಸರಿಮಾಡಲಾಗದ ದೋಷವೂ ಹಳೆಯ ತಕ್ಕಡಿಯಲ್ಲಿದೆ: ದಂಡಿಗೆಯ ಎರಡು ತೋಳುಗಳ ಉದ್ದ ಎಂದೂ ನಿಖರವಾಗಿ ಸಮವಿರುವುದಿಲ್ಲ. ಗಣಿತಜ್ಞ ಗೌಸ್ ತೋರಿಸಿದ ದಾರಿ ಇದಕ್ಕಿದೆ. ವಸ್ತುವನ್ನು ಎಡತಟ್ಟೆಯಲ್ಲಿ ಒಮ್ಮೆ, ಬಲತಟ್ಟೆಯಲ್ಲಿ ಒಮ್ಮೆ ತೂಗಿ, ಬಂದ ಎರಡು ತೂಕಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ತೋಳುಗಳ ಏರುಪೇರು ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಡೊಂಕು ತಕ್ಕಡಿ, ನೇರ ತೂಕ.