ಹೆಲಿಗನ್‌ನಲ್ಲಿ ಲದ್ದಿ ಹೊತ್ತವರು

ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಹೆಲಿಗನ್ ತೋಟದ ಬಗ್ಗೆ ಅದರ ಅಭಿಮಾನಿಗಳು ಬರೆಯುವ ಧಾಟಿ ನನಗೆ ಒಗ್ಗದು. ಟ್ರೆಮೇನ್ ಮನೆತನದ ತೋಟ ಮೊದಲ ಮಹಾಯುದ್ಧದ ಬಳಿಕ ಪಾಳುಬಿದ್ದದ್ದು, ಮುಂದೆ ಅದನ್ನು ಜೀರ್ಣೋದ್ಧಾರ ಮಾಡಿದ ಟಿಮ್ ಸ್ಮಿಟ್ ಮತ್ತು ಸಂಗಡಿಗರು 1990ರಲ್ಲಿ ಪೊದೆಯೊಳಗೆ ನುಗ್ಗಿದ್ದು, ಕೆಲಸಗಾರರ ಪಾಯಿಖಾನೆಯ ಗೋಡೆಯಲ್ಲಿ ಆಗಸ್ಟ್ 1914ರ ಪೆನ್ಸಿಲ್ ಸಹಿಗಳು ಕಂಡದ್ದು ಎಲ್ಲವೂ ಪುಟಗಟ್ಟಲೆ ಬರುತ್ತವೆ. ಮುಳ್ಳು ಕಡಿದವರು ಮಾತ್ರ 'ಸ್ವಯಂಸೇವಕರ ನೆರವಿನಿಂದ' ಎಂಬಲ್ಲಿಗೆ ಮುಗಿದುಹೋಗುತ್ತಾರೆ.

ಸಹಿ ಹಾಕಿದವರಲ್ಲಿ ಹಲವರು ಯುದ್ಧದಿಂದ ಮರಳಲಿಲ್ಲ. ಆ ಗೋಡೆಯನ್ನು ಹಗುರ ಮಾಡುವ ಇರಾದೆ ನನಗಿಲ್ಲ. ಆದರೆ ಹೆಲಿಗನ್ನಿನ ದೊಡ್ಡ ಸಾಧನೆ ಅದರ ಅನಾನಸ್ ಗುಂಡಿ. ಬೇಲಿಬದಿಯಲ್ಲೇ ಅನಾನಸ್ ಬೆಳೆಯುವ ಮಲೆನಾಡಿನವರಿಗೆ ನಗು ಬಂದೀತು. ಹೆಲಿಗನ್ನಿನ ಚಳಿಯಲ್ಲಿ ಅದಕ್ಕೆ ಗುಂಡಿಯೇ ಬೇಕು: ಗಾಜಿನ ಹೊದಿಕೆಯಡಿ ಗಿಡಗಳ ಮಡಿ, ಇಕ್ಕೆಲದ ಕಂದಕಗಳಲ್ಲಿ ಹಸಿ ಕುದುರೆ ಲದ್ದಿ. ಲದ್ದಿ ಕಳಿಯುವಾಗ ಹುಟ್ಟುವ ಕಾವು ನಡುವಿನ ಟೊಳ್ಳು ಗೋಡೆ ಹಾದು ಗಿಡ ಮುಟ್ಟಬೇಕು. ಕಾವು ತಗ್ಗಿದಂತೆ ಹೊಸ ಲದ್ದಿ ತುಂಬಬೇಕು. ಮೊದಲ ಹಣ್ಣಿಗೆ ಲದ್ದಿಯ ರುಚಿ ಹತ್ತಿದೆಯೇ ಎಂದು ತೋಟದವರೇ ತಿಂದು ನೋಡಿ, ಎರಡನೆಯದನ್ನು 1997ರಲ್ಲಿ ರಾಣಿ ಎಲಿಜಬೆತ್‌ಗೆ ಕಳುಹಿಸಿದರಂತೆ.

ಈ ಗುಂಡಿಯ ಇಟ್ಟಿಗೆ, ಗಾಜನ್ನು ಒಂದು ಬೇಸಿಗೆಯಲ್ಲಿ ಸರಿಪಡಿಸಬಹುದು. ಕಾವನ್ನು ಹಾಗೆ ಒಮ್ಮೆ ಸರಿಪಡಿಸಿ ಬಿಟ್ಟುಬಿಡಲಾಗದು. ಚಳಿಗಾಲದಲ್ಲಿ ಕೆಲವು ದಿನ ಮೈಮರೆತರೂ ವರ್ಷಗಳ ಆರೈಕೆ ಹೋಯಿತು. ವಾರಾಂತ್ಯದ ಹುರುಪಿಗೆ ಪೊದೆ ಸವರುವ ಕೆಲಸ ಸರಿ. ಅಲ್ಲೂ ಮಚ್ಚು ಬೀಸುವ ಮುನ್ನ ಬುಡದಲ್ಲಿ ಹಳೆಯ ಪಾತಿಯ ಅಂಚಿದೆಯೇ ಎಂದು ಕೈಯಿಂದ ತಡವಿ ನೋಡುವ ವಿವೇಕ ಬೇಕು. ಹುರುಪು ಮುಗಿದ ಮೇಲೂ ಲದ್ದಿ ಹೊರಬೇಕಾಗುತ್ತದೆ. ಅದಕ್ಕೆ ಕಸುಬುದಾರರೇ ಬೇಕು.

ಹದಿನೆಂಟನೆಯ ಶತಮಾನದಿಂದ ಬದಲಾಗುತ್ತ ಬಂದ ತೋಟವನ್ನು 1914ರ ಆಸುಪಾಸಿಗೆ ನಿಲ್ಲಿಸಿದ್ದು ಇತಿಹಾಸವಲ್ಲ, ನಾಟಕ ಎಂದು ಕೆಲವು ವಿಮರ್ಶಕರ ತಕರಾರು. ಯಾವುದೋ ಒಂದು ಕಾಲವನ್ನು ಆರಿಸದೆ ಯಾರು ಜೀರ್ಣೋದ್ಧಾರ ಮಾಡಿದ್ದಾರೆ? ಯಾವ ಗಿಡ ಯಾವ ಇಸವಿಯದೆಂದು ಜಗಳವಾಡುವ ಈ ಪಂಡಿತರು ಗುದ್ದಲಿ ಯಾರ ಕೈಯಲ್ಲಿದೆ ಎಂದು ನೋಡುವುದೇ ಇಲ್ಲ. ಬಿಟ್ಟಿ ದುಡಿಮೆ ಕೂಲಿಯನ್ನು ಕಸಿಯುತ್ತದೆ ಎನ್ನುವವರ ಮಾತಿನಲ್ಲಿ ಹೆಚ್ಚು ಹುರುಳಿದೆ. ಗೋಡೆಯ ಮೇಲಿನ ಸಹಿಗಳು ಸಂಬಳಕ್ಕೆ ದುಡಿದವರವು. ಅವರ ನೆನಪಿಗೆ ಕಣ್ಣೀರಿಟ್ಟು, ಅದೇ ಕೆಲಸವನ್ನು ಪುಕ್ಕಟೆ ಮಾಡಿಸಿ ಚಪ್ಪಾಳೆ ತಟ್ಟುವುದು ನನಗೆ ಮುಜುಗರದ ಸಂಗತಿ. ಹೆಲಿಗನ್ ಇಂದು ಸಂಬಳದ ತೋಟಗಾರರನ್ನು ಇಟ್ಟುಕೊಂಡಿದೆ. ಅದನ್ನು ಮಾದರಿಯೆಂದು ಹೊಗಳುವ ಬೇರೆ ಬಂಗಲೆಗಳ ಒಡೆಯರು ಹುರುಪಿನ ಮೊದಲ ಅಧ್ಯಾಯವನ್ನಷ್ಟೇ ಓದಿಕೊಂಡಂತಿದೆ.

ಅಲ್ಲಿಗೆ ಹೋಗುವ ಓದುಗರು ಗೋಡೆ ನೋಡಿ, ಬೇಡ ಎನ್ನುವುದಿಲ್ಲ. ಆಮೇಲೆ ಗುಂಡಿಯ ಬಳಿಯೂ ನಿಂತು, ಫೆಬ್ರುವರಿಯಲ್ಲಿ ಲದ್ದಿ ತುಂಬುವವರು ಯಾರೆಂದು ಕೇಳಿ.